ಒಂದೇ ಒಂದು ಕಣ್ಬಿಟ್ಟ ಫೋಟೋ

ಫ್ಲ್ಯಾಷ್ ಮಿಂಚಿದರೆ ಸಾಕು, ನಮ್ಮ ಬಸ್ ಕಂಡಕ್ಟರನ ಕಣ್ಣು ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು. ಅವನ ಗುರುತಿನ ಚೀಟಿ ನೋಡಿದ ಪ್ರಯಾಣಿಕರು, "ಏನಪ್ಪಾ, ಇದ್ರಲ್ಲೂ ನಿದ್ದೆನಾ?" ಎಂದು ಕಾಲೆಳೆಯುತ್ತಿದ್ದರು. ಮದುವೆ ಗೊತ್ತಾದಾಗ ಹುಡುಗಿ ಕೇಳಿದ್ದೂ ಒಂದನ್ನೇ. "ಒಡವೆಗಿಡವೆ ಬೇಡ. ನಿಮ್ಮ ಜೊತೆ ಒಂದೇ ಒಂದು ಫೋಟೋ, ನೀವು ಕಣ್ಣು ಬಿಟ್ಟಿರೋದು. ಗೋಡೆಗೆ ಹಾಕ್ಕೋಬೇಕು." ಅಷ್ಟು ಸಣ್ಣ ಆಸೆಯನ್ನೂ ತೀರಿಸದಿದ್ದರೆ ತಾನೆಂಥ ಗಂಡ ಎಂದು ಅವನಿಗೆ ಕೊರೆಯತೊಡಗಿತು.

ಡಿಪೋ ಎದುರಿಗೆ ಪಾಸ್‌ಪೋರ್ಟ್ ಫೋಟೋ ತೆಗೆಯುವ ಪುಟ್ಟ ಅಂಗಡಿಯಿತ್ತು. ಗಾಜಿನ ಹಿಂದೆ ಸಾಲುಸಾಲು ಮುಖಗಳು, ಎಲ್ಲರ ಕಣ್ಣೂ ಅಗಲವಾಗಿ ತೆರೆದಿದ್ದವು. ಕಂಡಕ್ಟರ್ ಮರುಳಾಗಿಬಿಟ್ಟ. "ಕಣ್ಣು ತೆರೆದಿರುತ್ತಾ?" ಎಂದು ಕೇಳಿದ. "ಗ್ಯಾರಂಟಿ," ಎಂದ ಅಂಗಡಿಯವನು. ಈವರೆಗೆ ಎಷ್ಟು ಮದುವೆ ಫೋಟೋ ತೆಗೆದಿದ್ದೀರಿ ಎಂದು ಕೇಳಲು ಕಂಡಕ್ಟರನಿಗೆ ಹೊಳೆಯಲೇ ಇಲ್ಲ; ಮದುವೆಗೆ ಅವನನ್ನೇ ಗೊತ್ತುಮಾಡಿದ.

ಮದುವೆಯ ದಿನ ಫೋಟೋಗ್ರಾಫರ್ ಬಂದವನೇ ಹೂವಿನ ಅಲಂಕಾರದ ಮೇಲೆ ಬಿಳಿ ಬಟ್ಟೆ ಎಳೆದ. "ಯಾರೂ ನಗಬೇಡಿ! ಕಿವಿ ಕಾಣ್ಲಿ! ಕನ್ನಡಕ ತೆಗೀರಿ!" ಕನ್ನಡಕ ತೆಗೆದ ಹುಡುಗಿಯ ಚಿಕ್ಕಪ್ಪ ಕುರ್ಚಿ ಎಂದುಕೊಂಡು ಉಡುಗೊರೆಗಳ ರಾಶಿಯ ಮೇಲೆ ಕೂತರು. ಒಳಗೇನೋ ಪಟಪಟನೆ ಒಡೆಯಿತು. ನಗುವಂತಿಲ್ಲವಾದ್ದರಿಂದ ಮದುವೆ ಮನೆ ಪರೀಕ್ಷೆಯ ಕೋಣೆಯ ಹಾಗಾಯಿತು.

"ಲೋ, ರೆಪ್ಪೆಗೆ ಬ್ರೇಕ್ ಹಾಕು. ಕಾಲು ಎತ್ಲೇಬೇಡ," ಎಂದು ಅವನ ಬಸ್ಸಿನ ಡ್ರೈವರ್ ಕಿವಿಯಲ್ಲಿ ಉಪದೇಶಿಸಿದ. ಕಂಡಕ್ಟರ್ ಹಾಗೆಯೇ ಮಾಡಿದ. ಕ್ಯಾಮೆರಾವನ್ನೇ ದುರುಗುಟ್ಟಿ ನೋಡಿದ್ದಕ್ಕೆ ಕಣ್ಣಿಂದ ನೀರು ದಳದಳ ಇಳಿಯಿತು.

ಹುಡುಗಿಯ ತಾಯಿ ಗಾಬರಿಬಿದ್ದರು. "ಅಯ್ಯೋ, ಅಳಿಯಂದ್ರು ಅಳ್ತಿದಾರೆ! ಯಾರಾದ್ರೂ ಬಲವಂತ ಮಾಡಿದ್ರಾ?" ಸುದ್ದಿ ಊಟದ ಕೋಣೆಯವರೆಗೂ ಹೋಯಿತು. "ಮನಸ್ಸಲ್ಲಿ ಬೇರೆ ಯಾರೋ ಇದಾರಂತೆ," ಎಂದು ಅಲ್ಲೊಬ್ಬರು ಒಗ್ಗರಣೆ ಹಾಕಿದರು.

ಹುಡುಗಿ ಅವನತ್ತ ತಿರುಗಿದಳು. "ನಿಜ ಹೇಳಿ. ನಾನು ಇಷ್ಟ ಇಲ್ವಾ?"

"ಪ್ರಾಣಕ್ಕಿಂತ ಇಷ್ಟ ಕಣೇ. ನೀನು ಕೇಳಿದ ಫೋಟೋಗೋಸ್ಕರ ರೆಪ್ಪೆ ಬಡೀದೆ ನಿಂತಿದೀನಿ, ಅಷ್ಟೆ."

ಅವಳು ಅವನ ಬೆರಳುಗಳನ್ನು ಬಿಗಿಯಾಗಿ ಹಿಡಿದುಕೊಂಡಳು. ಅಷ್ಟರಲ್ಲಿ ಕ್ಲಿಕ್! "ಕಣ್ಣು ತೆರೆದಿದೆ!" ಎಂದು ಫೋಟೋಗ್ರಾಫರ್ ಕೂಗಿದ. ಡ್ರೈವರ್ ಶಿಳ್ಳೆ ಹೊಡೆದ. ಕಂಡಕ್ಟರನಿಗೆ ಜನ್ಮ ಸಾರ್ಥಕವಾದಂತಾಯಿತು.

ಸಂಜೆ ಫೋಟೋಗ್ರಾಫರ್ ಅಂಗಡಿಯಿಂದ ಲಕೋಟೆ ತಂದುಕೊಟ್ಟ. ಒಳಗೆ ಬೆರಳುದ್ದದ ಫೋಟೋಗಳು. ಅವನವು ಎಂಟು, ಅವಳವು ಎಂಟು.

"ಜೊತೇಲಿರೋದು ಎಲ್ರೀ?"

"ಒಂದು ಫೋಟೋಗೆ ಒಂದೇ ಮುಖ, ಸ್ವಾಮಿ. ಎರಡಿದ್ರೆ ಯಾವ ಆಫೀಸಲ್ಲೂ ತಗೊಳಲ್ಲ. ಅದಕ್ಕೇ ನಡುವೆ ಕತ್ತರಿಸಿದೀನಿ."

"ಕತ್ತರಿಸದೇ ಇರೋದು?"

"ಅಳಿಸಿಬಿಟ್ಟೆ. ಯಾವಾಗ್ಲೂ ಹಾಗೇ ಮಾಡೋದು."

ಕಂಡಕ್ಟರ್ ತಲೆಯ ಮೇಲೆ ಕೈಹೊತ್ತು ಕೂತ. ಹುಡುಗಿ ಒಮ್ಮೆ ಲಕೋಟೆ ನೋಡಿದಳು, ಒಮ್ಮೆ ಅವನ ಮುಖ ನೋಡಿದಳು, ತಡೆಯಲಾರದೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. ಅವಳು ಹಾಗೆ ನಗುವುದನ್ನು ಅವನು ಕಂಡೇ ಇರಲಿಲ್ಲ. ದುಃಖ, ಲೋಕ ಎಲ್ಲ ಮರೆತು ಅವಳನ್ನೇ ನೋಡುತ್ತ ಉಳಿದ. ಫೋಟೋಗ್ರಾಫರನ ಕೊರಳಲ್ಲಿದ್ದ ಕ್ಯಾಮೆರಾದ ಫ್ಲ್ಯಾಷ್ ಮಿಂಚಿದ್ದೂ ಅವನಿಗೆ ತಿಳಿಯಲಿಲ್ಲ.

ಇಬ್ಬರೂ ಓಡಿಹೋಗಿ ಕ್ಯಾಮೆರಾದ ಪರದೆಯನ್ನು ಇಣುಕಿ ನೋಡಿದರು. ಅವಳು ಮನಸಾರೆ ನಗುತ್ತಿದ್ದಾಳೆ. ಪಕ್ಕದಲ್ಲಿ ಅವನು, ಕಣ್ಣು ಎರಡೂ ಅಗಲವಾಗಿ ತೆರೆದಿವೆ.

"ಇದೇ! ಇದೇ ಬೇಕಾಗಿದ್ದಿದ್ದು!" ಎಂದಳು ಹುಡುಗಿ.

"ಛೆ, ಛೆ. ಹಲ್ಲು ಕಾಣ್ತಿದೆ, ಇವರು ನೇರಾನೂ ನೋಡಿಲ್ಲ. ಇಂಥದ್ದು ಹೊರಗೆ ಹೋದ್ರೆ ನನ್ನ ಅಂಗಡಿ ಮರ್ಯಾದೆ ಏನಾಗ್ಬೇಕು?" ಎಂದ ಫೋಟೋಗ್ರಾಫರ್, ಯಾರೂ ತಡೆಯುವ ಮೊದಲೇ ಅದನ್ನು ಅಳಿಸಿಬಿಟ್ಟ.