ರಸ್ತೆ ಖಾಲಿಯಾದ ದಿನ

ಬೆಳಿಗ್ಗೆ ಹಾಸಿಗೆ ಹೊಲಿಯುವ ಅಂಗಡಿಯ ಬಾಗಿಲು ತೆರೆದ ಹಾಸಿಗೆಯವನ ಎದೆ ಧಸಕ್ಕೆಂದಿತು. ಎದುರಿನ ರಸ್ತೆ ಖಾಲಿ ಬಿದ್ದಿತ್ತು.

ಖಾಲಿ ಎಂದರೆ ಎಂಥ ಖಾಲಿ! ಬಂದರಿನ ಲಾರಿಗಳಿಲ್ಲ, ಸಿಮೆಂಟಿನ ಟ್ಯಾಂಕರುಗಳಿಲ್ಲ, ಒಂದಕ್ಕೊಂದು ಮೂಗು ತಾಗಿಸಿ ನಿಲ್ಲುವ ಕಾರುಗಳಿಲ್ಲ. ನಾಯಿಯೊಂದು ನಟ್ಟನಡುವೆ ಅಂಗಾತ ಬಿದ್ದು, ಮಾವನ ಮನೆಗೆ ಬಂದ ಹೊಸ ಅಳಿಯನ ಹಾಗೆ ಹೊಟ್ಟೆ ತೋರಿಸಿಕೊಂಡು ಬಿಸಿಲು ಕಾಯಿಸುತ್ತಿತ್ತು. ದಿನವೂ ಹಾರನ್ನುಗಳಡಿ ಮುಚ್ಚಿಹೋಗುತ್ತಿದ್ದ ಸಮುದ್ರದ ಸದ್ದು ಅಂಗಡಿಯೊಳಗೇ ಕೇಳಿಸಿತು.

ಬೇರೆ ದಿನವಾಗಿದ್ದರೆ ಅವನು ಕುಣಿದಾಡುತ್ತಿದ್ದ. ಆದರೆ ರಸ್ತೆ ಅಗಲ ಮಾಡಲು ಹಣ ಮಂಜೂರು ಮಾಡುವ ದೊಡ್ಡ ಸಾಹೇಬರು, ಇಲ್ಲಿಯ ವಾಹನಗಳ ಇಕ್ಕಟ್ಟನ್ನು ಕಣ್ಣಾರೆ ನೋಡಲು ಬರುವುದು ಅದೇ ದಿನ. ಸಾಹೇಬರಿಗೆ ತೊಂದರೆಯಾಗಬಾರದೆಂದು ಪೊಲೀಸರು ಲಾರಿಗಳನ್ನೆಲ್ಲ ಅಡ್ಡರಸ್ತೆಗಳಿಗೆ ಅಟ್ಟಿ, ಇದ್ದ ಇಕ್ಕಟ್ಟನ್ನು ಗುಡಿಸಿ ಚೊಕ್ಕಟ ಮಾಡಿಟ್ಟಿದ್ದರು.

ಹಾಸಿಗೆಯವ ಹತ್ತಿಯ ರಾಶಿಯ ಮೇಲೆ ಕುಸಿದು ಕುಳಿತ. ರಸ್ತೆ ಅಗಲವಾಗಲಿ ಎಂದು ಊರಿನವರು ವ್ಯಾಪಾರಕ್ಕಾಗಿ ಬಯಸುತ್ತಿದ್ದರು. ಅವನು ಬಯಸುತ್ತಿದ್ದುದು ಹೆಂಡತಿಗಾಗಿ.

ಅವಳಿಗೆ ಸೇತುವೆಯಾಚೆಯ ದೊಡ್ಡಾಸ್ಪತ್ರೆಯಲ್ಲಿ ರಕ್ತಪರೀಕ್ಷೆಯ ಕೆಲಸ. ದೂರವೇನೂ ಇಲ್ಲ, ಹಿಂದೆಲ್ಲ ಬಸ್ಸಿನಲ್ಲಿ ಅರ್ಧ ಗಂಟೆ. ಬಂದರು ಬೆಳೆಯಿತು, ಸಮುದ್ರದ ದಂಡೆಗುಂಟ ಮಾಳಿಗೆಯ ಮೇಲೆ ಮಾಳಿಗೆ ಎದ್ದಿತು, ಮನೆಗೊಂದಿದ್ದ ಸೈಕಲ್ಲು ಹೋಗಿ ತಲೆಗೊಂದು ಕಾರು ಬಂತು. ರಸ್ತೆ ಮಾತ್ರ ಹುಟ್ಟಿದಷ್ಟೇ ಅಗಲ ಉಳಿಯಿತು. ಅರ್ಧ ಗಂಟೆಯ ದಾರಿಗೆ ಅರ್ಧ ದಿನ ಹಿಡಿಯತೊಡಗಿದಾಗ ಆಸ್ಪತ್ರೆಯವರು, "ಹೊತ್ತಿಗೆ ಸರಿಯಾಗಿ ಬಾ, ಇಲ್ಲ ಇಲ್ಲೇ ಇರು," ಎಂದರು. ಅಂದಿನಿಂದ ಅವಳ ವಾಸ ಆಸ್ಪತ್ರೆಯ ಹಾಸ್ಟೆಲ್ಲಿನಲ್ಲಿ. ಗಂಡಸರಿಗೆ ಗೇಟಿನೊಳಗೆ ಪ್ರವೇಶವಿಲ್ಲ. ಒಮ್ಮೆ ಹೋದವನು ಇಡೀ ಮಧ್ಯಾಹ್ನ ಕಾವಲುಗಾರನ ಬೆಂಚಿನ ಮೇಲೆ ಕೂತು, ಆ ಕಾವಲುಗಾರನ ಹೆಂಡತಿಯ ಮಂಡಿನೋವಿನ ಕಥೆ ಕೇಳಿಕೊಂಡು ಬಂದಿದ್ದ.

ಅವಳು ಮನೆಗೆ ಬರುವುದು ಭಾನುವಾರ ಮಾತ್ರ. ಬಂದು ಮುಖ ತೊಳೆಯುವಷ್ಟರಲ್ಲಿ ಹೊರಡುವ ಹೊತ್ತು. ಊರಿಗೆಲ್ಲ ಜೋಡಿ ಹಾಸಿಗೆ ಹೊಲಿದು ಕೊಡುವವನು ತಾನು ಮಾತ್ರ ಜೋಡಿ ಹಾಸಿಗೆಯ ಒಂದಂಚಿನಲ್ಲಿ ಮಲಗುತ್ತಿದ್ದ. ಅವನ ಕಡೆ ತಗ್ಗು ಬಿದ್ದಿತ್ತು. ಇನ್ನೊಂದು ಕಡೆ ಹೊಲಿದ ದಿನದ ಹಾಗೆಯೇ ಉಬ್ಬಿಕೊಂಡಿತ್ತು. ಆ ಉಬ್ಬನ್ನು ಸವರುವಾಗಲೆಲ್ಲ ಅವನಿಗೆ ತನ್ನ ಕೈಕೆಲಸದ ಮೇಲೆಯೇ ಸಿಟ್ಟು ಬರುತ್ತಿತ್ತು.

"ಮುಳುಗಿದ್ವಲ್ಲೋ!" ಎಂದು ಕೂಗುತ್ತ ಔಷಧಿ ಅಂಗಡಿಯ ಯಜಮಾನರು ನುಗ್ಗಿ ಬಂದರು. ರಸ್ತೆ ಹೋರಾಟ ಸಮಿತಿಗೆ ಅವರೇ ಅಧ್ಯಕ್ಷರು. ಅವಸರದಲ್ಲಿ ಕಾಲಿಗೆ ಒಂದೇ ಚಪ್ಪಲಿ ಮೆಟ್ಟಿಕೊಂಡಿದ್ದರು. "ಈ ರಸ್ತೆ ನೋಡಿದ್ರೆ ಸಾಹೇಬ್ರು ಏನಂತಾರೆ? ಅಗಲ ಜಾಸ್ತಿ ಆಯ್ತು, ಎರಡು ಕಡೆ ಹೂವಿನ ಗಿಡ ಹಾಕಿ ಅಂತಾರೆ!"

ಅವರ ಹಿಂದೆಯೇ ಪಕ್ಕದ ಅಂಗಡಿಯ ಟೈಲರಕ್ಕ, ಕೊರಳಲ್ಲಿ ಅಳತೆಯ ಟೇಪು ನೇತಾಡಿಸಿಕೊಂಡು ಬಂದಳು. "ಪೊಲೀಸ್ರಿಗೆ ಹೇಳಿ, ಲಾರಿಗಳನ್ನ ಬಿಡಿಸಿ."

"ಹೇಳಿದೆ ತಾಯಿ. ಸಾಹೇಬ್ರು ಹೋದ ಮೇಲೆ ಎಷ್ಟು ಬೇಕಾದ್ರೂ ಜಾಮ್ ಮಾಡ್ಕೊಳ್ಳಿ, ನಾವೇನೂ ಅನ್ನಲ್ಲ ಅಂದ್ರು."

ಇಬ್ಬರೂ ಒಂದೇ ಸಲಕ್ಕೆ ತಿರುಗಿ ಅಂಗಡಿಯ ಮುಂದೆ ನಿಂತಿದ್ದ ಹಾಸಿಗೆಯವನ ವ್ಯಾನನ್ನು ನೋಡಿದರು. ಆ ನೋಟ ಕಂಡು ಅವನು ಬೀಗದ ಕೈಯನ್ನು ಮೆಲ್ಲಗೆ ಜೇಬಿಗಿಳಿಸಿದ.

ಆ ವ್ಯಾನು ಊರಿಗೇ ಹೆಸರುವಾಸಿ. ವಾರಕ್ಕೊಮ್ಮೆಯಾದರೂ ಸೇತುವೆಯ ಬಾಯಲ್ಲಿ, ರಸ್ತೆ ಸೊಂಟದ ಹಾಗೆ ಕಿರಿದಾಗುವ ಜಾಗದಲ್ಲೇ, ಕೆಮ್ಮಿ ಕೆಮ್ಮಿ ನಿಂತುಬಿಡುತ್ತಿತ್ತು.

"ತಮ್ಮಾ, ಇವತ್ತೊಂದು ದಿನ ಅಲ್ಲಿ ನಿಲ್ಲಿಸಿಬಿಡು," ಎಂದಳು ಟೈಲರಕ್ಕ.

"ಅಕ್ಕಾ, ಅದು ತಾನಾಗೇ ನಿಲ್ಲೋದು. ನಾನು ಯಾವತ್ತೂ ನಿಲ್ಲಿಸಿದೋನಲ್ಲ."

"ಹೆಂಡ್ತಿ ದಿನಾ ಸಂಜೆ ಮನೆಗೆ ಬರಬೇಕೋ ಬೇಡ್ವೋ?" ಎಂದರು ಅಧ್ಯಕ್ಷರು.

ಅಲ್ಲಿಗೆ ಮಾತು ಮುಗಿಯಿತು. ಯಾರಿಗೋ ತಲುಪಿಸಬೇಕಿದ್ದ ಎರಡು ಹಾಸಿಗೆಗಳು ಮೇಲೆ ಕಟ್ಟಿಯೇ ಇದ್ದವು. ಅವನು ಹತ್ತಿ ಕೂತು ಬೀಗದ ಕೈ ತಿರುಗಿಸಿದ.

ದಿನವೂ ಅತ್ತು ಕರೆದು ಹೊರಡುವ ವ್ಯಾನು ಅಂದು ಮೊದಲ ತಿರುವಿಗೇ ಗುರ್ ಎಂದಿತು. ಖಾಲಿ ರಸ್ತೆ ಕಂಡು ಅದಕ್ಕೂ ಪ್ರಾಯ ಬಂದಿತೋ ಏನೋ, ಕೆಮ್ಮಿಲ್ಲ, ಏದುಸಿರಿಲ್ಲ. ಸೇತುವೆಯ ಬಾಯಿ ಬಂದರೂ ನಿಲ್ಲುವ ಲಕ್ಷಣವಿಲ್ಲ. "ನಿಲ್ಲೇ, ನಿಲ್ಲೇ ಮಾರಾಯ್ತಿ," ಎಂದು ಗೋಗರೆಯುತ್ತ ಅವನು ಸೇತುವೆ ದಾಟಿಯೇಬಿಟ್ಟ. ಇಷ್ಟು ಸಲೀಸಾಗಿ ದಾಟಿದ್ದು ಎಷ್ಟು ಕಾಲದ ಮಾತೋ! ಹೀಗೇ ಮುಂದೆ ಹೊಡೆದುಕೊಂಡು ಹೋದರೆ ಆಸ್ಪತ್ರೆ ಎಂದು ಮನಸ್ಸು ಎಳೆಯಿತು. ಗೇಟು, ಬೆಂಚು, ಕಾವಲುಗಾರನ ಹೆಂಡತಿಯ ಮಂಡಿ ಒಟ್ಟಿಗೇ ನೆನಪಾದವು. ಒಂದು ದಿನದ ನೋಟಕ್ಕೆ ದಿನದಿನದ ಸುಖ ಕಳೆದುಕೊಳ್ಳುವುದೇ ಎಂದುಕೊಂಡು ನಿಟ್ಟುಸಿರಿಟ್ಟು, ವ್ಯಾನು ತಿರುಗಿಸಿ ಬಂದು, ಸೇತುವೆಯ ಬಾಯಿಗೆ ಅಡ್ಡಲಾಗಿ ನಿಲ್ಲಿಸಿದ.

ಮೊದಲು ಒಂದು ಆಟೋ ಬಂದು ನಿಂತಿತು. ಆಮೇಲೆ ಎರಡು ಕಾರು, ಒಂದು ಬಸ್ಸು. ಅಡ್ಡರಸ್ತೆಯಲ್ಲಿ ಬೆಳಗಿನಿಂದ ಬೇಯುತ್ತಿದ್ದ ಲಾರಿಗಳವರು ಹಾರನ್ ಕೇಳಿದ್ದೇ ತಡ, ಊಟಕ್ಕೆ ಕರೆದರೆಂಬಂತೆ ಪೊಲೀಸರನ್ನು ದಬ್ಬಿಕೊಂಡು ಹೊರಬಂದರು. ಸೇತುವೆಯ ಈ ತುದಿಯಿಂದ ಆ ತುದಿಯವರೆಗೆ ಊರು ತನ್ನ ಎಂದಿನ ರೂಪಕ್ಕೆ ಮರಳಿತು. ಸಮಿತಿಯನ್ನು ಕಟ್ಟಿಕೊಂಡು ಹಿಂದೆಯೇ ಓಡಿಬಂದಿದ್ದ ಅಧ್ಯಕ್ಷರ ಕಣ್ಣಲ್ಲಿ ನೀರಾಡಿತು.

"ಯಾವನ್ರೀ ಈ ಡಬ್ಬದವನು? ತೆಗೀರಿ!" ಪೇದೆ ಓಡಿಬಂದ.

"ಸ್ಟಾರ್ಟ್ ಆಗ್ತಿಲ್ಲ ಸಾರ್."

"ಆಗ್ತಿಲ್ಲ ಅಂದ್ರೆ ತಳ್ಳಿ! ಏ, ಎಲ್ಲಾ ಬನ್ರಿ, ಕೈ ಹಾಕಿ!"

ಇಡೀ ಸಮಿತಿ ಕೈ ಹಾಕಿತು. ಅಧ್ಯಕ್ಷರ ಕಡೆಯವರು ಹಿಂದಿನಿಂದ ತಳ್ಳಿದರು, ಟೈಲರಕ್ಕನ ಕಡೆಯವರು ಮುಂದಿನಿಂದ ತಳ್ಳಿದರು. ಎಲ್ಲರ ಮುಖವೂ ಕೆಂಪಾಯಿತು, ಬೆವರು ಸುರಿಯಿತು, ವ್ಯಾನು ಒಂದಂಗುಲವೂ ಅಲ್ಲಾಡಲಿಲ್ಲ. "ಏನು ಭಾರಾನಪ್ಪಾ! ಹತ್ತಿ ತುಂಬಿದ್ದೀಯೋ ಕಲ್ಲು ತುಂಬಿದ್ದೀಯೋ?" ಎಂದು ಪೇದೆಯೂ ಟೋಪಿ ತೆಗೆದಿಟ್ಟು, ಪಾಪ, ಪಕ್ಕದಿಂದ ತಳ್ಳಿದ. ಮೇಲಿನ ಹಗ್ಗ ಪಟ್ಟನೆ ಹರಿದು ಎರಡೂ ಹಾಸಿಗೆಗಳು ರಸ್ತೆಗೆ ಉರುಳಿದವು.

ಅದೇ ಹೊತ್ತಿಗೆ ಕಾರು ಮುಂದೆ ಸಾಗದೆ ನಡೆದುಕೊಂಡೇ ಬಂದ ಸಾಹೇಬರು, ಬಿಸಿಲಿಗೆ ಕಣ್ಣು ಕತ್ತಲೆ ಬಂದು, ಯಾರ ಅಪ್ಪಣೆಯನ್ನೂ ಕೇಳದೆ ಹಾಸಿಗೆಯ ಮೇಲೆ ಕೂತುಬಿಟ್ಟರು. ಟೈಲರಕ್ಕ ನೀರು ಕೊಟ್ಟಳು. ಅಧ್ಯಕ್ಷರು ಬೀಸಣಿಗೆ ಬೀಸಿದರು.

"ದಿನಾ ಹೀಗೇನಾ?" ಎಂದರು ಸಾಹೇಬರು.

"ದಿನಾ ಸಾರ್!" ಎಂದಿತು ಸಮಿತಿ, ಶಾಲೆಯ ಮಕ್ಕಳ ಹಾಗೆ.

"ಎಷ್ಟೋ ಊರು ನೋಡಿದೀನಿ ಕಣ್ರೀ. ನಾನು ಹೋದ ಕಡೆಯೆಲ್ಲ ರಸ್ತೆ ಖಾಲಿ. ಯಾಕೆ ಸುಮ್ಮನೆ ಹಣ ಕೇಳ್ತಾರೆ ಅಂತ ಕೋಪ ಬರ್ತಿತ್ತು. ನೀವೊಬ್ಬರೇ ಸತ್ಯ ತೋರಿಸಿದ್ದು." ಅವರು ಹಾಸಿಗೆಯನ್ನು ಒಮ್ಮೆ ಒತ್ತಿ ನೋಡಿ, ಕಾಲು ಚಾಚಿದರು. "ಹಣ ಕೊಟ್ಟೆ ಅಂತ ತಿಳ್ಕೊಳ್ಳಿ. ರಸ್ತೆ, ಸೇತುವೆ, ಎರಡೂ ಅಗಲ."

ಚಪ್ಪಾಳೆಗೆ ಸೇತುವೆಯ ಮೇಲಿನ ಹಕ್ಕಿಗಳು ಹಾರಿಹೋದವು. ನಾಲ್ಕು ಜನ ಸೇರಿ ಹಾಸಿಗೆಯವನನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡರು. ಅಲ್ಲಿಂದಲೇ ಅವನು ಕೇಳಿದ, "ಸಾರ್, ಕೆಲಸ ಯಾವಾಗ ಶುರು?"

"ಕಂಟ್ರಾಕ್ಟರು ಯಂತ್ರ ಇಟ್ಕೊಂಡು ಕಾಯ್ತಾ ಕೂತಿದಾನೆ. ಸೋಮವಾರವೇ ಸೇತುವೆ ಬಂದ್."

"ಬಂದ್ ಅಂದ್ರೆ?"

"ಒಡೀದೆ ಅಗಲ ಮಾಡೋಕಾಗುತ್ತಾ? ಎರಡು ವರ್ಷ. ಸರ್ಕಾರದ ಕೆಲಸ, ಮೂರು ಅಂತಿಟ್ಕೊಳ್ಳಿ. ಅಲ್ಲಿವರೆಗೂ ಗುಡ್ಡ ಸುತ್ತಿ ಓಡಾಡಿ. ಇಡೀ ದಿನ ಬೇಕಾಗುತ್ತೆ, ಆದ್ರೆ ಗಾಳಿ ಚೆನ್ನಾಗಿದೆ."

ಸಮಿತಿ ಅದಕ್ಕೂ ಚಪ್ಪಾಳೆ ತಟ್ಟಿತು. ಹಾಸಿಗೆಯವನ ಎರಡು ಕೈಗಳು ಮಾತ್ರ ಒಂದಕ್ಕೊಂದು ಸೇರದೆ ಗಾಳಿಯಲ್ಲೇ ನಿಂತವು. ಭಾನುವಾರ ಬಂದು ಭಾನುವಾರವೇ ಹೋಗುವವಳು ಇಡೀ ದಿನದ ಗುಡ್ಡ ಸುತ್ತಿ ಬರುವುದೆಂತು?

ಹೆಗಲ ಮೇಲಿದ್ದಾಗಲೇ ಜೇಬಿನ ಫೋನು ಬಡಿದುಕೊಂಡಿತು. ಹೆಂಡತಿ.

"ರೀ, ಎಲ್ಲಿದೀರಾ? ಏನು ಗಲಾಟೆ ಅದು?"

"ಅಂಗಡೀಲೇ... ಏನೋ ಮೆರವಣಿಗೆ. ನೀನು?"

"ನಿಮಗೆ ಹೇಳದೆ ಬಂದು ಎದುರಿಗೆ ನಿಲ್ಲೋಣ ಅಂತಿದ್ದೆ ಕಣ್ರೀ. ಇವತ್ತು ರಸ್ತೆ ಖಾಲಿ ಅಂತ ಬಸ್ಸಿನ ಡ್ರೈವರ್ ಹೇಳಿದ. ಬೆಳಗಿನ ಪಾಳಿ ಬೇರೆಯವರಿಗೆ ಕೊಟ್ಟು ಓಡಿಬಂದೆ. ಅರ್ಧ ದಾರಿ ಹಾರ್ಕೊಂಡು ಬಂದ್ವಿ! ಸೇತುವೆ ಹತ್ರ ಬರ್ತಿದ್ದ ಹಾಗೇ ಎಲ್ಲಾ ನಿಂತೋಯ್ತು. ಯಾವನೋ ಮುಟ್ಠಾಳ ಆ ತುದೀಲಿ ರಸ್ತೆಗೇ ಹಾಸಿಗೆ ಹಾಸ್ಕೊಂಡು ಮಲಗಿದಾನಂತೆ. ಹಾಸಿಗೆ ಅಂದ ಕೂಡಲೇ ನಿಮ್ಮ ನೆನಪಾಯ್ತು. ನಮ್ಮನೆಯವರಾಗಿದ್ರೆ ವ್ಯಾನು ಪಕ್ಕಕ್ಕೆ ನಿಲ್ಲಿಸಿ ಎಲ್ಲರಿಗೂ ದಾರಿ ಬಿಡ್ತಿದ್ರು ಅಂದ್ಕೊಂಡೆ."

ಅವನು ಹೆಗಲಿನಿಂದ ಧುಮುಕಿದ. "ಇಳಿ! ಬಸ್ಸಿಂದ ಇಳಿ, ನಡ್ಕೊಂಡು ಬಾ! ನಾನೂ ಬರ್ತೀನಿ!"

"ಹೇಗ್ರೀ ಇಳೀಲಿ? ಡ್ರೈವರ್ ಬಸ್ ತಿರುಗಿಸ್ತಿದಾನೆ. ಮಧ್ಯಾಹ್ನದ ಪಾಳಿಗೆ ನಾನೇ ಇರಬೇಕು, ಇದು ಬಿಟ್ರೆ ವಾಪಸ್ ಹೋಗೋಕೆ ಏನಿದೆ?"

ಅವನು ಓಡಿದ. ಕಾರುಗಳ ಸಂದಿಯಲ್ಲಿ, ಲಾರಿಗಳ ಚಕ್ರದ ಪಕ್ಕದಲ್ಲಿ, ಮೈಗೆಲ್ಲ ಹತ್ತಿ ಅಂಟಿಸಿಕೊಂಡು ಓಡಿದ. ಸೇತುವೆಯ ನಡುವೆ ತಲುಪುವಷ್ಟರಲ್ಲಿ ಆಚೆ ದಡದಲ್ಲಿ ಒಂದು ಬಸ್ಸು ಹಿಂದೆ ಮುಂದೆ ಮಾಡಿ ಬೆನ್ನು ತಿರುಗಿಸಿತು. ಹಿಂದಿನ ಕಿಟಕಿಯಿಂದ ಒಂದು ಕೈ ಹೊರಗಿತ್ತು. ಅವಳದೇ ಇರಬೇಕು, ಅಷ್ಟು ದೂರಕ್ಕೆ ಬಳೆ ಕಾಣುವುದಿಲ್ಲ. ಅವನು ಎರಡೂ ಕೈ ಎತ್ತಿ ಬೀಸಿದ. ಅವನ ಹಿಂದಿನ ಲಾರಿಯವನು ತನಗೇ ಸನ್ನೆ ಮಾಡಿದನೆಂದು ಹಾರನ್ ಹೊಡೆದ.

"ಇರಲಿ ಬಿಡ್ರೀ," ಎಂದಳು ಅವಳು ಫೋನಿನಲ್ಲಿ. "ಹೇಗೂ ಭಾನುವಾರ ಬರ್ತೀನಲ್ಲ. ಆ ಕಡೆ ಹೋದ್ರೆ ಆ ಮುಟ್ಠಾಳನಿಗೆ ನನ್ನ ಪರವಾಗಿ ಸರಿಯಾಗಿ ಬೈದುಬಿಡಿ."

ಅವನು ಸೇತುವೆಯ ಕಟಕಟೆಗೆ ಒರಗಿ ನಿಂತ. ಕೆಳಗೆ ನೀರು ಯಾರ ಅಡ್ಡಿಯೂ ಇಲ್ಲದೆ ಸಮುದ್ರಕ್ಕೆ ಹೋಗುತ್ತಿತ್ತು.

"ಬೈತೀನಿ," ಎಂದ ಅವನು. "ದಿನಾ ಬೈತೀನಿ."