ಗಯಾಜನ ಬಿಳಿ ಶೇರ್ವಾನಿ

ತೊಂದರೆ ಶುರುವಾಗಿದ್ದು ಹಿಂದಿನ ಗಂಡಿನ ಕಾಲರಿನಿಂದ. ಕುಕ್ ಟೌನಿನಲ್ಲಿ ಲಾಂಡ್ರಿ ಇಟ್ಟಿರುವ ಅಹ್ಮದ್ ಪಾಷಾ, ಮಗಳು ಸಾಮಿಯಾಳನ್ನು ನೋಡಲು ಬಂದವನ ಕಾಲರಿನಲ್ಲಿ ಒಂದೇ ಒಂದು ಪಾನಿನ ಕಲೆ ಕಂಡು ಸಂಬಂಧವೇ ಬೇಡ ಎಂದಿದ್ದರು. ಇವತ್ತು ಗಯಾಜನ ಸರದಿ. ಸಾಮಿಯಾ ಮೇಲೆ ಅವನಿಗೆ ಮೊದಲಿನಿಂದಲೂ ಮನಸ್ಸು. ಪಾಪ, ತಿಂಡಿಯೂ ಸೇರಲಿಲ್ಲ.

ಅವನು ಶಿವಾಜಿನಗರದ ಅಂಗಡಿಯಲ್ಲಿ, ಬಟ್ಟೆಗೆ ನೀರು ಹಿಡಿಯದಂತೆ ಮಾಡುವ ಸ್ಪ್ರೇ ಮಾರುವವನು. ಬಿಳಿ ಶೇರ್ವಾನಿಗೆ ಡಬ್ಬಿ ಪೂರ್ತಿ ಹೊಡೆದ. ಆಟೋದಲ್ಲಿ ಕೂತರೂ ಸಮಾಧಾನವಿಲ್ಲ, ಸಿಗ್ನಲ್ಲಿಗೊಮ್ಮೆ ಎದೆ ನೋಡಿಕೊಂಡ.

ಪಾಷಾ ಮನೆಯಲ್ಲಿ, ಸಂಬಂಧ ತಂದ ಪಕ್ಕದ್ಮನೆ ಇಮಾಮ್ ಬೀ ಸಡಗರದಲ್ಲಿ ಅರ್ಧ ಗ್ಲಾಸು ಶರಬತ್ತನ್ನು ಅವನ ಎದೆ ಮೇಲೇ ಚೆಲ್ಲಿದರು.

"ಯಾ ಅಲ್ಲಾ!"

ಶರಬತ್ತು ಮಣಿಮಣಿಯಾಗಿ ಉರುಳಿ ನೆಲಕ್ಕೆ ಬಿತ್ತು. ಶೇರ್ವಾನಿ ಬೆಳ್ಳಗೇ ಇತ್ತು. ನಂಬಿಕೆ ಬಾರದೆ ಇಮಾಮ್ ಬೀ ಉಳಿದರ್ಧವನ್ನೂ ಸುರಿದು ನೋಡಿದರು.

"ಏನಪ್ಪಾ ಮ್ಯಾಜಿಕ್ಕು ಇದು?" ಎಂದರು ಪಾಷಾ.

ಗಯಾಜ್ ಉಬ್ಬಿಹೋದ. "ಸ್ಪ್ರೇ ಚಾಚಾ! ಬಟ್ಟೆ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಉಬ್ಬು ಬರುತ್ತೆ, ಮಧ್ಯೆ ಗಾಳಿ ಇರುತ್ತೆ. ಹನಿ ಒಳಗಿಳಿಯಲ್ಲ, ತಾವರೆ ಎಲೆ ಮೇಲಿನ ತರ ಉರುಳೋಗುತ್ತೆ. ಕೊಡೆ, ಶೂ, ಬೈಕಿನ ಗ್ಲಾಸು, ಎಲ್ಲಕ್ಕೂ ಹೊಡೀಬಹುದು. ಆರು ತಿಂಗಳು ಗ್ಯಾರಂಟಿ. ಇನ್ಮೇಲೆ ಬಟ್ಟೆ ಒಗೆಯೋ ತಾಪತ್ರಯಾನೇ ಇಲ್ಲ!"

ಪಾಷಾ ಮುಖ ಸಣ್ಣದಾಯಿತು. "ಹಂಗಾದ್ರೆ ನಾನು ಲಾಂಡ್ರಿಗೆ ಬೀಗ ಹಾಕ್ಲಾ?"

ಗಯಾಜ್ ನಾಲಿಗೆ ಕಚ್ಚಿಕೊಂಡ. ಊಟಕ್ಕೆ ಕೂತಾಗ ಬಿರಿಯಾನಿ ತುತ್ತು ಎದೆ ಮೇಲೆ ಜಾರಿತು. ಅನ್ನ ಉರುಳಿತು, ಎಣ್ಣೆ ಉರುಳಲಿಲ್ಲ. ಅಂಗೈಯಗಲ ಹಳದಿ ಕಲೆ! ಆ ಸ್ಪ್ರೇ ನೀರಿಗಷ್ಟೇ, ಎಣ್ಣೆಗಲ್ಲ ಅನ್ನುವುದು ಮಾರುವವನಿಗೇ ಮರೆತುಹೋಗಿತ್ತು.

ಮುಗಿಯಿತು ನನ್ನ ಕಥೆ ಅಂದುಕೊಂಡ. ಆದರೆ ಪಾಷಾ ಮುಖ ಅರಳಿತು.

"ನೋಡ್ದಾ? ಲಾಂಡ್ರಿ ಬೇಕೇ ಬೇಕು! ಬಿಚ್ಚು ಬೇಟಾ. ಈ ಕಲೆ ತೆಗೆದು, ಇದೇ ಶೇರ್ವಾನಿ ಹಾಕ್ಸಿ ನಿಶ್ಚಯ ಮಾಡ್ತೀನಿ. ನನ್ನ ಮಾತು ಅಂದ್ರೆ ಮಾತು!"

ಬಾಗಿಲ ಹಿಂದೆ ಸಾಮಿಯಾ ನಕ್ಕಳು. ಗಯಾಜನಿಗೆ ಹೋದ ಜೀವ ಬಂದಂತಾಯಿತು.

ಪಾಷಾ ಶೇರ್ವಾನಿಯನ್ನು ನಲ್ಲಿಗೆ ಹಿಡಿದರು. ನೀರು ಮಣಿಯಾಗಿ ಉರುಳಿತು. ಸೋಪು ತಿಕ್ಕಿದರು, ನೊರೆ ಜಾರಿತು. ಬ್ರಷ್ಷು ತಂದರು, ಬೆವರಿದರು. ಕಲೆಯ ತನಕ ಒಂದು ಹನಿಯೂ ತಲುಪಲಿಲ್ಲ.

"ಎಷ್ಟು ದಿನ ಇರುತ್ತೋ ನಿನ್ನ ಈ ಸ್ಪ್ರೇ?"

"ಆರು ತಿಂಗಳು ಗ್ಯಾರಂಟಿ ಅಂದ್ನಲ್ಲ!" ಎಂದರು ಇಮಾಮ್ ಬೀ, ಅವನು ಬಾಯಿ ತೆರೆಯುವ ಮೊದಲೇ.

"ಸರಿ. ಆರು ತಿಂಗಳು ಬಿಟ್ಟು ಬಾ."

ಗಯಾಜ್ ಬನಿಯನ್ನಿನಲ್ಲೇ ಬೀದಿಗಿಳಿದ. ಮಳೆ ಶುರುವಾಗಿತ್ತು. ಬನಿಯನ್ನಿಗೆ ಅವನು ಸ್ಪ್ರೇ ಹೊಡೆದಿರಲಿಲ್ಲ.