ಅಕ್ಕನ ಕಾರಿನ ರಿವರ್ಸ್ ಗೇರ್

ನಮ್ಮ ಅಕ್ಕ ಪ್ರಾಯದಲ್ಲಿ ಒಂದು ಹೆಜ್ಜೆಯೂ ಹಿಂದೆ ಇಟ್ಟವಳಲ್ಲ. ಧೈರ್ಯಸ್ಥೆ ಎಂದು ಹೊಗಳುತ್ತಿದ್ದೇನೆ ಅಂದುಕೊಂಡಿರಾ? ಇಲ್ಲ ಸ್ವಾಮಿ! ಅವಳ ಕಾರಿಗೆ ರಿವರ್ಸ್ ಗೇರ್ ಬೀಳುತ್ತಿರಲಿಲ್ಲ, ಅಷ್ಟೆ.

ಅಕ್ಕನಿಗೆ ಹೊಸನಗರದಲ್ಲಿ ಹೊಲಿಗೆ ಅಂಗಡಿ. ಸಾಗರದಿಂದ ತೀರ್ಥಹಳ್ಳಿಯವರೆಗೆ ಮದುವೆ ಹೆಣ್ಣುಗಳ ರವಿಕೆಗೆಲ್ಲ ಅವಳೇ ಬೇಕು. ಬಟ್ಟೆ ಗಂಟು ಹೊತ್ತು ಬಸ್ಸು ಹತ್ತಿ ಹತ್ತಿ ಸಾಕಾಗಿ, ಯಾರೋ ಓಡಿಸಿ ಬಿಟ್ಟ ಒಂದು ಬಿಳಿ ಕಾರು ಕೊಂಡಳು. ನಮ್ಮ ಮನೆತನದಲ್ಲೇ ಮೊದಲ ಕಾರು! ಅಮ್ಮ ನಾಲ್ಕೂ ಚಕ್ರದಡಿ ನಿಂಬೆಹಣ್ಣು ಇಟ್ಟಳು. ಹಣ್ಣು ಅಪ್ಪಚ್ಚಿ ಮಾಡಿ ಜೋರಾಗಿ ಮುಂದೆ ಹೋದ ಕಾರು, ಹಿಂದೆ ಬರಲು ಮಾತ್ರ ಸುತರಾಂ ಒಪ್ಪಲಿಲ್ಲ.

ಗ್ಯಾರೇಜಿನವನು, "ಎರಡು ದಿನ ಗಾಡಿ ಬಿಡಿ ಅಕ್ಕಾ, ಸರಿ ಮಾಡ್ಕೊಡ್ತೀನಿ" ಎಂದ.

"ಮುಂದೆ ಹೋಗಕ್ಕೆ ನಾಲ್ಕು ಗೇರ್ ಇದಾವಲ್ಲ, ಸಾಕು ಬಿಡೋ. ಹಿಂದೆ ತಳ್ಳಕ್ಕೆ ನನ್ ತಮ್ಮ ಇದಾನೆ!"

ಹೌದು, ಆ ಕಾರಿನ ರಿವರ್ಸ್ ಗೇರ್ ನಾನೇ. ಹತ್ತನೇ ಕ್ಲಾಸಿನಲ್ಲಿ ಎರಡು ಸಲ ಡುಮ್ಕಿ ಹೊಡೆದು, ದಾರಿಯಲ್ಲಿ ಸಿಕ್ಕವರೆಲ್ಲ "ಪಾಸಾಯ್ತೇನೋ?" ಎಂದು ಕೇಳುತ್ತಾರೆಂದು ಹಿತ್ತಿಲ ಬಾಗಿಲಲ್ಲೇ ಓಡಾಡುತ್ತಿದ್ದ ಕಾಲ ಅದು. ಅಕ್ಕ ಹಾರ್ನ್ ಹೊಡೆದಳೆಂದರೆ ಹೊರಡಲೇಬೇಕು. ಊರಿಗೆಲ್ಲ ಕೇಳುವಂತೆ, "ಇವ್ನಿಲ್ದಿದ್ರೆ ನನ್ ಗಾಡಿ ಹೊರಡಲ್ಲ ಮಾರಾಯ್ರೇ" ಎನ್ನುತ್ತಿದ್ದಳು.

ಒಮ್ಮೆ ಅತ್ತೆ ಮನೆಯ ತಿರುವು ದಾಟಿಬಿಟ್ಟೆವು. ನಾನು ಇಳಿದು ತಳ್ಳೋಣವೆಂದರೆ ರಸ್ತೆ ಇಳಿಜಾರು. ತಿರುಗಿಸಲು ಜಾಗ ಹುಡುಕುತ್ತಾ ಹೋದವರು ತೀರ್ಥಹಳ್ಳಿ ತಲುಪಿ, ಮಸಾಲೆ ದೋಸೆ ತಿಂದು ವಾಪಸ್ಸಾದೆವು. ಅತ್ತೆ ಬಡಿಸಿದ ಎಲೆ ಅಷ್ಟರಲ್ಲಿ ಬಾಡಿತ್ತು. ಅತ್ತೆಯ ಮುಖವೂ!

ಇನ್ನೊಂದು ಸಲ ಕಿರುಸೇತುವೆ ಮೇಲೆ ಬಸ್ಸು ಎದುರಾಯಿತು.

"ಅಕ್ಕೋ, ಸ್ವಲ್ಪ ಹಿಂದೆ ತಗೊಳ್ಳಿ" ಎಂದ ಡ್ರೈವರ್.

"ನಂದು ಹಿಂದೆ ಹೋಗಲ್ಲ ತಮ್ಮಾ. ನಿಂದು ಹೋಗತ್ತಲ್ಲ, ನೀನೇ ತಗೋ."

ಡ್ರೈವರ್ ಬಾಯಿ ತೆರೆಯುವಷ್ಟರಲ್ಲಿ ಬಸ್ಸಿನ ಕಿಟಕಿಯಿಂದ ಒಬ್ಬ ಹೆಂಗಸು ಕೂಗಿದಳು: "ಹಿಂದೆ ತಗೊಳ್ರೀ ಡ್ರೈವರೇ! ನಾಡಿದ್ದು ಮಗಳ ಮದುವೆ, ರವಿಕೆ ಎಲ್ಲಾ ಆ ಕಾರಲ್ಲೇ ಇದಾವೆ!" ಇಡೀ ಬಸ್ಸು ಹಿಂದೆ ಹೋಯಿತು.

ಇಲ್ಲಿಯವರೆಗೆ ನಗಿಸಿದೆ. ಇನ್ನು ನನ್ನ ಮರ್ಯಾದೆಯ ವಿಷಯ.

ಒಂದು ದಿನ ಸಾಗರದಲ್ಲಿ ಅಕ್ಕ ನನ್ನನ್ನು ಪೇಟೆಯಲ್ಲಿ ಇಳಿಸಿ ಗಂಟು ಕೊಡಲು ಹೋದಾಗ, ನನಗೆ ಹಳೆಯ ಸಹಪಾಠಿಗಳು ಸಿಕ್ಕರು. ಎಲ್ಲರೂ ಕಾಲೇಜು ಹುಡುಗರು. ಅಕ್ಕ ಹೊಲಿದುಕೊಟ್ಟ ಹೊಸ ಅಂಗಿಯಲ್ಲಿ ನಾನೂ ಕಾಲೇಜಿನವನಂತೆಯೇ ಕಾಣುತ್ತಿದ್ದೆ. ಅಷ್ಟರಲ್ಲಿ ಎದುರಿನ ಗೋಡೆಗೆ ಮೂತಿ ಇಟ್ಟು ಸಿಕ್ಕಿಕೊಂಡ ನಮ್ಮ ಕಾರು! ಆಚೀಚೆ ಆಟೋಗಳ ಸಾಲು, ಹಾರ್ನುಗಳ ಕಚೇರಿ. ಅಕ್ಕ ಕೂಗಿದಳು: "ತಮ್ಮಾ, ಬಾರೋ!"

ಗೆಳೆಯನೊಬ್ಬ, "ಯಾರ್ದೋ ಅದು ಡಕೋಟಾ ಗಾಡಿ?" ಎಂದು ನಕ್ಕ.

ನಾನು ತಿರುಗಿ ನಿಂತು, ನನ್ನ ಹಿಂದಿನ ಗೋಡೆಯ ಮೇಲಿದ್ದ ಗೊಬ್ಬರದ ಜಾಹೀರಾತನ್ನು ಪರೀಕ್ಷೆಗೂ ಓದದಷ್ಟು ಶ್ರದ್ಧೆಯಿಂದ ಓದಿದೆ. ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ತಾನೇ ತಳ್ಳಿದಳು. ಆಮೇಲೆ ಯಾರೋ ಆಟೋದವರು ಕೈಹಾಕಿದರು. ನಾನು ಬಸ್ಸಿಗೆ ಮನೆ ಸೇರಿ, "ಪೇಟೇಲಿ ದಾರಿ ತಪ್ಪಿಸ್ಕೊಂಡೆ" ಎಂದು ಸುಳ್ಳು ಹೇಳಿದೆ.

ಅಕ್ಕ ಅನ್ನ ಬಡಿಸುತ್ತಾ ಅಂದಳು: "ಸಾಗರದಲ್ಲಿ ಥೇಟ್ ನಿನ್ ಹಂಗೇ ಇರೋ ಹುಡುಗನ್ನ ನೋಡ್ದೆ ಕಣೋ. ಪಾಪ, ಕಿವುಡ."

ಮರುದಿನ ಬೆಳಿಗ್ಗೆ ಎಂದಿನಂತೆ ಹಾರ್ನ್ ಕೇಳಿತು. ಹೋದೆ. ಅದೇ ಕಾರಿನಲ್ಲಿ ಸ್ಟೇರಿಂಗ್ ಹಿಡಿಯಲು ಕಲಿತೆ. ಈಗ ಟ್ಯಾಕ್ಸಿ ಓಡಿಸಿಯೇ ನನ್ನ ಸಂಸಾರ ನಡೆಯುತ್ತಿದೆ.

ಮೊನ್ನೆ ಹೊಸ ಟ್ಯಾಕ್ಸಿ ತಂದೆ. ಅಕ್ಕನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ತೀರ್ಥಹಳ್ಳಿಗೆ ಹೋದೆ. ಒಂದು ಸಂದಿಯಲ್ಲಿ ರಿವರ್ಸ್ ಹಾಕಿದೊಡನೆ ಕಾರು ಕುಂಯ್ ಕುಂಯ್ ಎಂದಿತು. ಹಿಂದಿನದೆಲ್ಲ ಪರದೆಯಲ್ಲಿ ಕಂಡಿತು. ಅಕ್ಕ ಅದನ್ನೇ ನೋಡಿ, "ಪಾಪ, ಇದ್ಕೆ ತಮ್ಮ ಇಲ್ಲ" ಎಂದಳು.

ನನಗೆ ತಡೆಯಲಾಗಲಿಲ್ಲ. "ಅಕ್ಕಾ, ಅವತ್ತು ಸಾಗರದಲ್ಲಿ ನೀನು ನೋಡಿದ ಕಿವುಡ... ನಾನೇ."

"ಗೊತ್ತಾಗದೆ ಎಂತ ಮಾರಾಯಾ! ಅಂಗಿ ಹೊಲ್ದೋಳು ನಾನು. ಬೆನ್ನು ನೋಡಿದ್ರೆ ಸಾಕು."

"ಮತ್ತೆ ಬೈಲಿಲ್ಲ ಯಾಕೆ?"

"ಬೈದಿದ್ರೆ ಮಾರನೇ ದಿನ ಬರ್ತಿದ್ಯಾ?" ಅಕ್ಕ ಗೇರಿನ ಹಿಡಿಯನ್ನು ಬೆರಳಿಂದ ತಟ್ಟಿದಳು. "ಆ ಗೇರು ಎರಡೇ ದಿನದ ಕೆಲ್ಸ ಆಗಿತ್ತು ಕಣೋ. ಸರಿ ಮಾಡಿಸಿದ್ರೆ ನೀನು ಹಿತ್ಲಲ್ಲೇ ಕೂತಿರ್ತಿದ್ದೆ."

ಎದುರಿಗೊಂದು ಸ್ಕೂಟರ್ ಬಂದು ಹಾರ್ನ್ ಹೊಡೆಯತೊಡಗಿತು. ಹಿಂದೆ ತೆಗೆಯೋಣವೆಂದರೆ, ಅಷ್ಟು ದೊಡ್ಡ ಪರದೆಯಲ್ಲೂ ನನಗೆ ಏನೂ ಕಾಣಿಸುತ್ತಿಲ್ಲ. ಅಕ್ಕ ನನ್ನ ಮುಖ ನೋಡಿದಳು. ಮಂಡಿ ನೋವಿನ ಕಾಲನ್ನು ಮೆಲ್ಲಗೆ ಕೆಳಗಿಟ್ಟು ಇಳಿದು, ಕಾರಿನ ಹಿಂದೆ ಹೋಗಿ ನಿಂತಳು.

"ಬಾ... ಬಾ... ಇನ್ನೂ ಬಾ, ತಮ್ಮಾ."